ಇಪ್ಪತ್ತೆರಡು ನಿಮಿಷದ ಸಂಸಾರ

ಸೂಜಿಯಕ್ಕನಿಗೆ ಮದುವೆಯಾದದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ನೆಂಟರೆಲ್ಲ ಆಕೆಯ ಮದುವೆಯ ಮಾತನ್ನು ಕೈಬಿಟ್ಟಿದ್ದರು, ಆಕೆಯೂ ಬಿಟ್ಟಿದ್ದಳು. ಮಧ್ಯಾಹ್ನ ಒಂದು ಗಂಟೆ ಎಂಟು ನಿಮಿಷಕ್ಕೆ ಬರುವ ರೈಲಿನ ಗಾರ್ಡ್ ಒಬ್ಬರು ಬಿಡಲಿಲ್ಲ.

ರೈಲು ನಿಲ್ದಾಣದ ಅಡಿಯಲ್ಲಿ, ನೆಲದೊಳಗೆ, ಒಂದು ಮಾಲ್ ಇತ್ತು. ಪ್ಲಾಟ್‌ಫಾರಂನಿಂದ ಹೊರಬಂದು ಮೆಟ್ಟಿಲಿಳಿದರೆ ಚಪ್ಪಲಿ, ಕೊಡೆ, ಗಡಿಯಾರ, ಕನ್ನಡಕದ ಅಂಗಡಿಗಳು. ಅವನ್ನು ದಾಟಿದರೆ ಊಟದ ಅಂಗಡಿಗಳ ಓಣಿ. ಅಲ್ಲಿ ಹಗಲೂ ಇಲ್ಲ, ಇರುಳೂ ಇಲ್ಲ, ಇಡೀ ದಿನ ಒಂದೇ ಬಿಳಿ ಬೆಳಕು. ಸೂಜಿಯಕ್ಕನ ಅಂಗಡಿ ಮೆಟ್ಟಿಲ ಬುಡದಲ್ಲೇ ಇತ್ತು. ಎರಡು ಕೈ ಚಾಚಿದರೆ ಎರಡೂ ಗೋಡೆ ಬೆರಳಿಗೆ ತಾಗುವಷ್ಟು ಅಗಲ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಟ್ಟೆ ಹಾಕಿ ನೋಡುವವರಿಗೆ ಪರದೆ ಕಟ್ಟಿದ ಒಂದು ಮೂಲೆ. ಪ್ಯಾಂಟಿನ ಅಂಚು ಮಡಚುವುದು, ಜಿಪ್ಪು ಬದಲಿಸುವುದು, ಸಣ್ಣಗಾದವರ ಬಟ್ಟೆ ಬಿಗಿ ಮಾಡುವುದು, ದಪ್ಪಗಾದವರದ್ದು ಬಿಚ್ಚಿ ಸಡಿಲಿಸುವುದು ಆಕೆಯ ಕೆಲಸ. ಸಡಿಲಿಸಲು ಬಂದವರೆಲ್ಲ ದನಿ ತಗ್ಗಿಸಿ, "ಒಗೆದಾಗ ಬಟ್ಟೆ ಕುಗ್ಗಿಬಿಡ್ತು ನೋಡಿ" ಎನ್ನುತ್ತಿದ್ದರು. "ಈಗಿನ ಬಟ್ಟೆನೇ ಹಾಗೆ" ಎಂದು ಈಕೆಯೂ ಅವರ ಮರ್ಯಾದೆ ಕಾಯುತ್ತಿದ್ದಳು. ತಲೆಯ ಮೇಲೆ ರೈಲು ಹಾದಾಗಲೆಲ್ಲ ಗುಂಡುಸೂಜಿಯ ಡಬ್ಬಿ ಗಲಗಲ ಅನ್ನುತ್ತಿತ್ತು. ಎಷ್ಟು ಹೊತ್ತು ಗಲಗುಟ್ಟಿತು ಎನ್ನುವುದರಲ್ಲೇ ಬಂದದ್ದು ಯಾವ ಗಾಡಿ ಎಂದು ಆಕೆಗೆ ತಿಳಿಯುತ್ತಿತ್ತು.

ಗಾರ್ಡ್ ಮೊದಲ ಸಲ ಬಂದದ್ದು ಕರಿಕೋಟಿನ ಗುಂಡಿಯೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು. ನಲವತ್ತೈದರ ಆಸುಪಾಸಿನ, ಉದ್ದ ಕತ್ತಿನ, ಮಾತು ಕಡಿಮೆಯ ಮನುಷ್ಯ.

"ಗಾಡಿ ಇಪ್ಪತ್ತೆರಡು ನಿಮಿಷ ಮಾತ್ರ ನಿಲ್ಲುತ್ತೆ. ಕೋಟು ಬಿಚ್ಚಲ್ಲ, ಮೈಮೇಲಿದ್ದ ಹಾಗೇ ಹಾಕಿಬಿಡಿ" ಎಂದರು.

"ಹಾಗಾದ್ರೆ ಅಲ್ಲಾಡಬೇಡಿ. ಸೂಜಿಗೆ ಗಾರ್ಡ್ ಯಾರು, ಕಳ್ಳ ಯಾರು ಅಂತ ಗೊತ್ತಾಗಲ್ಲ" ಎಂದಳು ಸೂಜಿಯಕ್ಕ.

ಅವರು ನಕ್ಕರು. ನಕ್ಕಿದ್ದರಿಂದ ಅಲ್ಲಾಡಿದರು, ಸೂಜಿ ಚುಚ್ಚಿತು.

ಮರುವಾರ ಇನ್ನೊಂದು ಗುಂಡಿ ಬಿತ್ತು. ಅದರ ಮರುವಾರ ಮತ್ತೊಂದು. ಐದನೆಯ ಸಲ ಆಕೆ ಕೋಟಿನ ಮೇಲೆ ಉಳಿದಿದ್ದ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಹರಿದ ದಾರ ಅಲ್ಲ ಸಾರ್, ಕತ್ತರಿಸಿದ್ದು."

ಗಾರ್ಡಿನ ಉದ್ದ ಕತ್ತು ಕೆಂಪಗಾಯಿತು. ಟೋಪಿ ತಿರುಗಿಸುತ್ತ, "ನಿಮ್ಮದು ಊಟ ಆಯ್ತಾ?" ಎಂದು ಕೇಳಿದರು.

ಊಟದ ಓಣಿಯ ಕೊನೆಯಲ್ಲಿ ದೊಡ್ಡಮ್ಮನ ಅಂಗಡಿ. ದೊಡ್ಡಮ್ಮ ಯಾರಿಗೂ ನಿಜವಾದ ದೊಡ್ಡಮ್ಮ ಅಲ್ಲ. ಓಣಿಯವರೆಲ್ಲ ಕರೆಯುತ್ತ ಅದೇ ಹೆಸರಾಗಿತ್ತು. ಗೋಡೆಗೆ ಬಡಿದ ಉದ್ದನೆಯ ಹಲಗೆ, ಎದುರಿಗೆ ಎಂಟು ಎತ್ತರದ ಸ್ಟೂಲು. ಕೊಡುವುದು ಮೂರೇ ಪದಾರ್ಥ: ಅನ್ನ, ತರಕಾರಿ ಸೂಪು, ಬೇಯಿಸಿದ ಮೊಟ್ಟೆ. "ಇನ್ನೇನಿದೆ?" ಎಂದು ಕೇಳಿದವರಿಗೆ ದೊಡ್ಡಮ್ಮ, "ನಾನಿದೀನಿ" ಎನ್ನುತ್ತಿದ್ದಳು. ರೈಲು ಹಿಡಿಯುವ ಅವಸರದಲ್ಲಿ ಜನ ತಲೆಯೆತ್ತದೆ ಉಂಡು ಏಳುತ್ತಿದ್ದರು. ಗಾರ್ಡ್ ಮತ್ತು ಸೂಜಿಯಕ್ಕ ಮೊದಲ ದಿನ ಒಂದು ಸ್ಟೂಲಿನ ಅಂತರ ಬಿಟ್ಟು ಕೂತರು. ಮೂರನೆಯ ವಾರಕ್ಕೆ ದೊಡ್ಡಮ್ಮ ನಡುವಿನ ಸ್ಟೂಲನ್ನು ಎತ್ತಿ ಒಳಗಿಟ್ಟಳು.

ಮದುವೆಯ ಮಾತು ಬಂದದ್ದೂ ಆ ಹಲಗೆಯ ಮುಂದೆಯೇ. ಗಾರ್ಡ್ ಮುಚ್ಚುಮರೆಯಿಲ್ಲದೆ ಹೇಳಿದರು. ರೈಲಿನ ಇನ್ನೊಂದು ತುದಿಯಲ್ಲಿ, ಮೂರು ಗಂಟೆಯ ದೂರದಲ್ಲಿ ಅವರ ಮನೆ. ಅಲ್ಲಿ ಒಬ್ಬ ತಮ್ಮ. ವಯಸ್ಸು ನಲವತ್ತಾದರೂ ಬುದ್ಧಿ ಆರೇಳು ವರ್ಷದ ಮಗುವಿನದು. ಮಂಚ ಒಂದು ಗೇಣು ಸರಿದರೂ ಅಳುತ್ತಾನೆ. ಅವನನ್ನು ಬೇರೆ ಊರಿಗೆ ತರುವ ಮಾತೇ ಇಲ್ಲ. ಹಗಲು ಪಕ್ಕದ ಮನೆಯ ಅಜ್ಜಿ ನೋಡಿಕೊಳ್ಳುತ್ತಾರೆ, ಸಂಜೆ ಐದಕ್ಕೆ ಅಣ್ಣ ಮನೆಯಲ್ಲಿರಲೇಬೇಕು.

ಸೂಜಿಯಕ್ಕನೂ ತನ್ನದನ್ನು ಹೇಳಿದಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಮಲಗಿರುವ ಅಮ್ಮ. ಆರು ದಿನ ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಾಳೆ, ಏಳನೆಯ ದಿನ ಮಗಳೇ.

"ನೀವು ಅಲ್ಲಿ, ನಾನು ಇಲ್ಲಿ. ಹಾಗಾದ್ರೆ ಮದುವೆ ಯಾತಕ್ರೀ?" ಎಂದಳು.

ಗಾರ್ಡ್ ಬಹಳ ಯೋಚಿಸಿ, "ಊಟಕ್ಕೆ" ಎಂದರು.

ಹಾಗೆ ಮದುವೆಯಾಯಿತು. ಆಮೇಲಿನ ಹನ್ನೊಂದು ವರ್ಷ ಅವರ ಸಂಸಾರ ನಡೆದದ್ದು ನೆಲದಡಿಯಲ್ಲಿ. ಇಪ್ಪತ್ತೆರಡು ನಿಮಿಷದಲ್ಲಿ ಇಳಿದು ಬರಲು ಮೂರು, ಹತ್ತಿ ಹೋಗಲು ನಾಲ್ಕು. ಕೈಗೆ ಉಳಿಯುತ್ತಿದ್ದದ್ದು ಹದಿನೈದು. ಗಾಡಿ ತಡವಾದ ದಿನ ಅದೂ ಇಲ್ಲ. ಅಂಥ ದಿನ ಸೂಜಿಯಕ್ಕ ಎರಡು ಬಟ್ಟಲ ಮೇಲೂ ತಟ್ಟೆ ಮುಚ್ಚಿಕೊಂಡು ಕೂತಿರುತ್ತಿದ್ದಳು. "ನೀನಾದ್ರೂ ಉಣ್ಣೇ, ಆರಿಹೋಗುತ್ತೆ" ಎಂದು ದೊಡ್ಡಮ್ಮ ಗದರಿದರೆ, "ಹಸಿವಿಲ್ಲ ದೊಡ್ಡಮ್ಮ" ಎನ್ನುತ್ತಿದ್ದಳು. ಹೊಟ್ಟೆ ಮಾತ್ರ ಗುರುಗುರು ಎನ್ನುತ್ತಿತ್ತು.

ಹದಿನೈದು ನಿಮಿಷಕ್ಕೆ ಹಿಡಿಯದಷ್ಟು ಮಾತು ಇಬ್ಬರಲ್ಲೂ ಇರುತ್ತಿತ್ತು. ಗಾರ್ಡ್ ಬೇರೆಯವರ ಮುಂದೆ ಮೌನಿ. ಇಲ್ಲಿ ಬಂದು ಕೂತರೆ, ಮೂರನೆಯ ಡಬ್ಬಿಯಲ್ಲಿ ಗಂಡನನ್ನು ಮರೆತು ಇಳಿದುಹೋದ ಹೆಂಗಸಿನ ಕತೆ, ಹಸಿರು ಬಾವುಟವನ್ನು ಮೇಕೆ ಕಚ್ಚಿದ ಕತೆ, ಒಂದರ ಬೆನ್ನಿಗೊಂದು. ಮರೆತುಹೋದೀತೆಂದು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಬರುತ್ತಿದ್ದರು. ಆಕೆ, ಎರಡೂ ಕಾಲಿನ ಅಳತೆ ಬೇರೆ ಬೇರೆ ಇರುವ ಗಿರಾಕಿಯ ಸುದ್ದಿ ಹೇಳುತ್ತಿದ್ದಳು, ಅಮ್ಮ ಅಂದ ಮಾತನ್ನು ಹೇಳುತ್ತಿದ್ದಳು. ಅಮ್ಮನಿಗೆ ಅವರು 'ರೈಲು ಅಳಿಯ'. "ನಿನ್ನ ಗಂಡ ಗಾಳಿ ಇದ್ದ ಹಾಗೆ ಕಣೇ. ಇದಾನೆ ಅಂತ ಗೊತ್ತು, ಕಣ್ಣಿಗೆ ಕಾಣ್ಸಲ್ಲ" ಎನ್ನುತ್ತಿದ್ದಳು ಆ ಮುದುಕಿ.

ಒಂದೂವರೆಗೆ ತಲೆಯ ಮೇಲೆ ಗಾಡಿ ಹೊರಡುತ್ತಿತ್ತು. ಸೂಜಿಯಕ್ಕ ಅಂಗಡಿಗೆ ಬಂದು ಯಂತ್ರದ ಮುಂದೆ ಕೂತು, ಶಬ್ದ ಪೂರ್ತಿ ಇಲ್ಲವಾಗುವ ತನಕ ಪೆಡಲು ತುಳಿಯುತ್ತಿರಲಿಲ್ಲ. ಆಕೆಯ ಆಸೆ ದೊಡ್ಡದೇನಲ್ಲ. ನೆಲದ ಮೇಲಿರುವ ಒಂದು ಕೋಣೆ, ಕಿಟಕಿ, ಗಡಿಯಾರ ನೋಡುವ ಗೋಜಿಲ್ಲದ ಒಂದು ಊಟ. ಅವರು ಇನ್ನೊಂದು ಸೌಟು ಬಡಿಸು ಎನ್ನಬೇಕು, ಉಂಡಾದ ಮೇಲೂ ಒಣಗಿದ ಕೈಯಲ್ಲಿ ಮಾತಾಡುತ್ತ ಕೂತಿರಬೇಕು. ಆ ಚಿತ್ರವನ್ನು ಆಕೆ ದಿನಾ ಸ್ವಲ್ಪ ಸ್ವಲ್ಪ ತಿದ್ದುತ್ತಿದ್ದಳು. ಒಮ್ಮೆ ಕಿಟಕಿ ಎಡಕ್ಕೆ ಬರುತ್ತಿತ್ತು, ಒಮ್ಮೆ ಬಲಕ್ಕೆ.

ಹನ್ನೊಂದನೆಯ ವರ್ಷ ಅಮ್ಮ ತೀರಿಕೊಂಡಳು. ಪಕ್ಕದ ಮನೆಯ ಅಜ್ಜಿಯನ್ನು ರಾತ್ರಿಯೂ ತಮ್ಮನ ಬಳಿ ಉಳಿಸಿ, ಮೂರು ದಿನ ಗಾರ್ಡ್ ರಜೆ ಹಾಕಿ ಬಂದಿದ್ದರು. ಆ ಮನೆಯಲ್ಲಿ ಅವರು ಒಟ್ಟಿಗೆ ಅಷ್ಟು ದಿನ ಇದ್ದದ್ದು ಅದೇ ಮೊದಲು, ಅದೇ ಕೊನೆ. ದುಃಖದ ನಡುವೆಯೇ ಸೂಜಿಯಕ್ಕನಿಗೆ, ಇನ್ನು ತನ್ನನ್ನು ಇಲ್ಲಿ ಹಿಡಿದಿಡುವುದು ಏನೂ ಇಲ್ಲ ಎನ್ನುವುದು ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಎರಡು ತಿಂಗಳಲ್ಲಿ ಅಂಗಡಿ ಬಿಟ್ಟುಕೊಟ್ಟು, ಯಂತ್ರವನ್ನು ಗೋಣಿಯಲ್ಲಿ ಕಟ್ಟಿಸಿ, ಗಂಡನ ರೈಲಿನಲ್ಲೇ ಗಂಡನ ಊರಿಗೆ ಹೋದಳು. ಕಳಿಸಿಕೊಡುವಾಗ ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತ, "ನಿನ್ನ ಸ್ಟೂಲಿಗೆ ಬೇರೆ ಯಾರನ್ನೂ ಕೂರಿಸಲ್ಲ ಅಂತೆಲ್ಲ ನಾನು ಹೇಳಲ್ಲಮ್ಮ. ಇರೋದು ಏಳೇ ಸ್ಟೂಲು" ಎಂದಳು.

ಗಾರ್ಡಿನ ಮನೆ ಹಳಿಯಿಂದ ಸ್ವಲ್ಪ ದೂರದಲ್ಲಿತ್ತು. ಕಿಟಕಿ ಇತ್ತು, ಬಿಸಿಲು ಬರುತ್ತಿತ್ತು, ಮೂರು ಕುರ್ಚಿಯ ಊಟದ ಮೇಜೂ ಇತ್ತು. ಮೈದುನ ದುಂಡು ಮುಖದ, ಬಿಳಿಗೂದಲು ಇಣುಕುತ್ತಿದ್ದ ಸಾಧು ಪ್ರಾಣಿ. ಬಾಗಿಲಲ್ಲಿ ಆಕೆಯನ್ನು ನೋಡಿ, "ಇವರು ಯಾರು?" ಎಂದ.

"ಇನ್ಮೇಲೆ ಇಲ್ಲೇ ಇರ್ತಾರೆ. ಹೊಸಬರು" ಎಂದರು ಗಾರ್ಡ್.

ಅಂದಿನಿಂದ ಆಕೆಯ ಹೆಸರು 'ಹೊಸಬರು' ಎಂದೇ ಆಯಿತು. "ಹೊಸಬರೇ, ನೀರು ಕೊಡಿ." "ಹೊಸಬರೇ, ನನ್ನ ಕಾಲುಚೀಲ ಒಂದೇ ಇದೆ." ಆರು ತಿಂಗಳು ಕಳೆದರೂ, ವರ್ಷ ಕಳೆದರೂ ಹೊಸಬರೇ.

ಸಂಜೆ ಆರೂವರೆಗೆ ಊಟ. ಮೊದಲ ಸಂಜೆ ಆಕೆ ಬಡಿಸಿ, ಗಂಡನ ಎದುರಿಗೆ ಕೂತು, "ಇವತ್ತು ಗಾಡೀಲಿ ಏನಾಯ್ತು..." ಎಂದು ಬಾಯಿ ತೆರೆದಳು. ಮೈದುನ ಚಮಚ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡು ಮುಂದಕ್ಕೂ ಹಿಂದಕ್ಕೂ ತೂಗಾಡತೊಡಗಿದ. ಗಾರ್ಡ್ ಕಣ್ಣಿನಲ್ಲೇ ಸುಮ್ಮನಿರು ಎಂದರು. ಊಟದ ಹೊತ್ತಿಗೆ ಯಾರಾದರೂ ಮಾತಾಡಿದರೆ ಅವನಿಗೆ ಆಗುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಅವರ ಅಪ್ಪ ಮೇಜಿನ ಮುಂದೆಯೇ ಬೈಗುಳ ತೆಗೆಯುತ್ತಿದ್ದರಂತೆ.

ಹೇಳಬೇಕೆಂದುಕೊಂಡಿದ್ದೇ ಮರೆತುಹೋಯಿತು, ಹೋಗಲಿ ಎಂದು ಆಕೆ ಸುಮ್ಮನಾದಳು. ಮರುದಿನವೂ ಸುಮ್ಮನೆ ಉಂಡರು. ಅದೇ ರೂಢಿಯಾಯಿತು. ಊಟವಾದ ಮೇಲೆ ಮೈದುನನಿಗೆ ಅಣ್ಣ ಪಕ್ಕದಲ್ಲೇ ಬೇಕು. ಅವನು ನಿದ್ದೆಹೋಗುವ ತನಕ ಅವನ ಮಂಚದ ಮೇಲೆ ಕೂತವರು ಅಲ್ಲೇ ತೂಕಡಿಸುತ್ತಿದ್ದರು. ಬೆಳಗ್ಗೆ ಎದ್ದರೆ ಹಲ್ಲುಜ್ಜುವ ಅವಸರ, ಕೋಟಿನ ಅವಸರ. ಅಡುಗೆಮನೆ, ಮೇಜು, ಮಂಚ ಎಲ್ಲ ಒಂದೇ ಸೂರಿನಡಿ ಇದ್ದವು. ಗಂಡ ಕೈಗೆಟುಕುವಷ್ಟು ದೂರದಲ್ಲಿ ಕೂತು ಉಣ್ಣುತ್ತಿದ್ದರು. ಹನ್ನೊಂದು ವರ್ಷ ಬಯಸಿದ್ದು ಇದನ್ನೇ. ಆಕೆ ತನ್ನನ್ನು ತಾನೇ ಗದರಿಕೊಳ್ಳುತ್ತಿದ್ದಳು: ಇನ್ನೇನು ಬೇಕಂತೆ ನಿನಗೆ?

ಬೇಕಾದದ್ದು ಏನೆಂದು ಆಕೆಗೆ ಮಧ್ಯಾಹ್ನದ ಹೊತ್ತು ಗೊತ್ತಾಗುತ್ತಿತ್ತು. ಒಂದು ಗಂಟೆ ಎಂಟು ನಿಮಿಷ. ಈಗ ಗಾಡಿ ಅಲ್ಲಿ ನಿಂತಿತು. ಈಗ ಇಳಿದರು. ಈಗ ದೊಡ್ಡಮ್ಮ ತಟ್ಟೆ ಇಟ್ಟಳು. ಇಲ್ಲಿ ಮೈದುನನ ಎದುರು ಶಬ್ದವಾಗದ ಹಾಗೆ ಅನ್ನ ಕಲಸುತ್ತ ಆಕೆ ಆ ಬಿಳಿ ಬೆಳಕಿಗೆ, ಸೂಪಿನ ಹಬೆಗೆ, ಪಕ್ಕದವರ ಮೊಣಕೈ ತಾಗುವ ಆ ಇಕ್ಕಟ್ಟಿಗೆ ಹಂಬಲಿಸುತ್ತಿದ್ದಳು. ಗಂಡ ಅಲ್ಲಿ ಒಬ್ಬರೇ ಉಣ್ಣುತ್ತಾರೆ, ತಾನು ಇಲ್ಲಿ. ಮೊದಲು ದಿನಕ್ಕೆ ಹದಿನೈದು ನಿಮಿಷವಾದರೂ ಸಿಗುತ್ತಿದ್ದ ಮನುಷ್ಯ, ಮನೆಗೇ ಬಂದ ಮೇಲೆ ಕೈತಪ್ಪಿ ಹೋದಂತಾಗಿತ್ತು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

ಒಂದು ದಿನ ಹೊಲಿಯುತ್ತ ಕೂತಿದ್ದಾಗ ಮೈದುನ ಬಂದು, "ಹೊಸಬರೇ, ಅಣ್ಣ ಎಲ್ಲಿಗೆ ಹೋಗ್ತಾನೆ?" ಎಂದ.

"ಗಾಡೀಲಿ ಹೋಗ್ತಾರಪ್ಪ. ದೊಡ್ಡ ನಿಲ್ದಾಣಕ್ಕೆ."

"ಅಲ್ಲಿ ಏನ್ಮಾಡ್ತಾನೆ?"

"ಊಟ ಮಾಡ್ತಾರೆ."

ಅವನು ಆಕೆಯ ಕೈಲಿದ್ದ ಬಟ್ಟೆಯ ತುದಿ ಹಿಡಿದೆಳೆದ. "ನಾನೂ ನೋಡ್ಬೇಕು" ಎಂದ.

ಐವತ್ತೆರಡು ವರ್ಷದಲ್ಲಿ ಬೀದಿಯ ಕೊನೆ ದಾಟದವನು ಹೀಗೆಂದನೆಂದು ಗಾರ್ಡ್ ನಂಬಲೇ ಇಲ್ಲ. "ದಾರೀಲಿ ಕೂಗಾಡಿದ್ರೆ ಏನ್ಮಾಡ್ತೀಯೇ? ನಾನು ಕೊನೇ ಡಬ್ಬಿ ಬಿಟ್ಟು ಬರೋ ಹಾಗಿಲ್ಲ."

"ಕೂಗಾಡಿದ್ರೆ ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ ಕರ್ಕೊಂಡು ಬರ್ತೀನಿ" ಎಂದಳು. ಆಕೆಯ ದನಿಯಲ್ಲಿ ಏನಿತ್ತೋ, ಅವರು ಬೇಡವೆನ್ನಲಿಲ್ಲ.

ಒಂದು ಗುರುವಾರ ಅತ್ತಿಗೆ ಮೈದುನ ಇಬ್ಬರೂ ಗಾಡಿ ಹತ್ತಿದರು. ಗಾರ್ಡಿನ ಡಬ್ಬಿಗೆ ಅಂಟಿಕೊಂಡ ಡಬ್ಬಿಯಲ್ಲೇ ಕೂತರು. ಮೈದುನ ಕೂಗಾಡಲಿಲ್ಲ. ಮೂರು ಗಂಟೆಯೂ ಆಕೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಪ್ರತಿ ನಿಲ್ದಾಣದಲ್ಲೂ ಅಣ್ಣನ ಸೀಟಿ ಕೇಳಿದಾಗ, "ಅಣ್ಣ" ಎಂದು ಪಕ್ಕದವರಿಗೆಲ್ಲ ಹೇಳಿದ.

ದೊಡ್ಡ ನಿಲ್ದಾಣದಲ್ಲಿ ಗಾರ್ಡ್ ಓಡುತ್ತ ಬಂದು ಇಬ್ಬರನ್ನೂ ಇಳಿಸಿಕೊಂಡರು. ಮೂವರೂ ಕೈಕೈ ಹಿಡಿದು ಜನರ ನಡುವೆ ನುಗ್ಗಿ ಮೆಟ್ಟಿಲ ತಲೆಗೆ ಬಂದರು. ಮೈದುನ ಕೆಳಗೆ ನೋಡಿದ. ಇಳಿಯುವ ತಲೆಗಳು, ಏರುವ ಮುಖಗಳು, ಆಳದಲ್ಲಿ ಬಿಳಿ ಬೆಳಕು. ನೆಲದ ಮೇಲೆ ಕೂತುಬಿಟ್ಟ.

"ಕೆಳಗೆ ಬೇಡ."

"ಅಲ್ಲೇ ಕಣೋ ಊಟ ಇರೋದು" ಎಂದರು ಗಾರ್ಡ್.

"ಕೆಳಗೆ ಬೇಡ. ಕೆಳಗೆ ಬೇಡ." ದನಿ ಏರತೊಡಗಿತು. ಜನ ಸುತ್ತಿಕೊಂಡು ಹೋಗುತ್ತಿದ್ದರು, ಕೆಲವರು ತಿರುಗಿ ನೋಡಿದರು. ಆಗಲೇ ಆರು ನಿಮಿಷ ಕಳೆದಿತ್ತು. ಗಾರ್ಡ್ ಹೆಂಡತಿಯ ಮುಖ ನೋಡಿದರು. ಆಕೆ ಮೆಟ್ಟಿಲ ಬುಡವನ್ನೇ ನೋಡುತ್ತಿದ್ದಳು. ಅಲ್ಲಿ ತನ್ನ ಅಂಗಡಿಯಿದ್ದ ಜಾಗದ ಬಾಗಿಲಂಚು ಒಂದಿಷ್ಟು ಕಾಣುತ್ತಿತ್ತು. ಆಮೇಲೆ ಮೈದುನನ ಪಕ್ಕದಲ್ಲಿ ತಾನೂ ನೆಲದ ಮೇಲೆ ಕೂತಳು.

"ಇಲ್ಲೇ ಉಣ್ಣೋಣ ಬಿಡಿ" ಎಂದಳು. "ಹೋಗಿ ದೊಡ್ಡಮ್ಮಂಗೆ ಹೇಳಿ."

ಗಾರ್ಡ್ ಎರಡೆರಡು ಮೆಟ್ಟಿಲು ಹಾರಿ ಇಳಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಹಿಂದೆ, ಕೈಯಲ್ಲಿ ಮುಚ್ಚಿದ ಬಟ್ಟಲು ಹಿಡಿದು, ಏದುಸಿರು ಬಿಡುತ್ತ ದೊಡ್ಡಮ್ಮನೇ ಹತ್ತಿ ಬಂದಳು. ಹಗಲಿಗೆ ಅವಳ ಕಣ್ಣು ಕುಕ್ಕಿ ನೀರು ಬಂತು.

"ಅಯ್ಯೋ, ಹೊರಗೆ ಇಷ್ಟು ಬಿಸಿಲಾ! ಯಾರೂ ಹೇಳ್ಲೇ ಇಲ್ವಲ್ಲೇ ನಂಗೆ" ಎನ್ನುತ್ತ ಮೈದುನನ ಇನ್ನೊಂದು ಪಕ್ಕ ಕುಸಿದು ಕೂತಳು.

"ಇವರು ಯಾರು?" ಎಂದ ಅವನು.

"ದೊಡ್ಡಮ್ಮ" ಎಂದಳು ಸೂಜಿಯಕ್ಕ.

"ಹೊಸಬರಾ?"

"ಇಲ್ಲಪ್ಪಾ, ನಾನು ತುಂಬಾ ಹಳಬಳು" ಎಂದಳು ದೊಡ್ಡಮ್ಮ. "ನೋಡಿಲ್ಲಿ, ಹಲ್ಲೂ ಉಳಿದಿಲ್ಲ."

ಮೈದುನ ಅವಳ ಬಾಯೊಳಗೆ ಇಣುಕಿ ನೋಡಿದ. ಸಮಾಧಾನವಾದಂತೆ ಕಂಡಿತು. ಬಟ್ಟಲು ತೆಗೆದುಕೊಂಡು ಉಣ್ಣತೊಡಗಿದ. ದೊಡ್ಡಮ್ಮ ಮಾತಾಡಲು ಬಾಯಿ ತೆರೆದಾಗ ಸೂಜಿಯಕ್ಕ ತುಟಿಗೆ ಬೆರಳಿಟ್ಟು ಸನ್ನೆ ಮಾಡಿದಳು. ದೊಡ್ಡಮ್ಮನಿಗೆ ಎಲ್ಲ ಅರ್ಥವಾಯಿತು. ಹದಿನೈದು ನಿಮಿಷದಲ್ಲಿ ಜನರ ಮನಸ್ಸು ತಿಳಿಯುವುದು ಅವಳಿಗೆ ರೂಢಿಯೇ. ಕೈಯಾಡಿಸಿ, ಕೆಳಗೆ ಬೆರಳು ತೋರಿಸಿ, ಇಬ್ಬರೂ ಹೋಗಿ ಎಂದಳು. ಇವರು ಕದಲದಿದ್ದಾಗ ಪಿಸುಗುಟ್ಟಿದಳು: "ಒಲೆ ಮೇಲೆ ಸೂಪಿದೆ ಕಣ್ರೇ. ಉಕ್ಕಿದ್ರೆ ನಿಮ್ಮಿಬ್ರನ್ನೂ ಬಿಡಲ್ಲ."

ಅವರು ಇಳಿದರು. ಅಂಗಡಿಯಲ್ಲಿ ಯಜಮಾನಿ ಇರಲಿಲ್ಲ, ಸ್ಟೂಲುಗಳ ಮೇಲೆ ಐದು ಜನ ಗಿರಾಕಿಗಳಿದ್ದರು. "ಊಟ ಇದೆಯೇನಮ್ಮಾ? ನಂಗೆ ಗಾಡಿ ಇದೆ" ಎಂದ ಒಬ್ಬ, ಸೂಜಿಯಕ್ಕ ಕೂರುವ ಮೊದಲೇ. ಆಕೆ ಸೆರಗು ಸಿಕ್ಕಿಸಿ ಒಲೆಯ ಹಿಂದೆ ಹೋಗಿ ಬಡಿಸಿದಳು. ಇನ್ನೊಬ್ಬರು ಮೊಟ್ಟೆ ಕೇಳಿದರು. ಗಾರ್ಡ್ ಟೋಪಿ ತೆಗೆದಿಟ್ಟು, ಕರಿಕೋಟಿನ ತೋಳು ಮಡಚಿ ಮೊಟ್ಟೆ ಸುಲಿದರು. ರೈಲ್ವೆಯವರು ಇಲ್ಲಿ ಯಾವಾಗಿನಿಂದ ಕೆಲಸಕ್ಕೆ ಸೇರಿದರೆಂದು ಒಬ್ಬ ಮುದುಕ ಕೇಳಿಯೇ ಬಿಟ್ಟ. ಹೀಗೆ ಐದು ನಿಮಿಷ ಹೋಯಿತು. ಕೊನೆಗೂ ಕೈ ಬಿಡುವಾಗಿ, ಒಂದೇ ಬಟ್ಟಲನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತರು.

"ಏನಾದ್ರೂ ಹೇಳ್ರೀ" ಎಂದಳು.

"ಏನು ಹೇಳ್ಲಿ? ಬೆಳಗ್ಗೆ ಒಂದೇ ಮನೇಲಿ ಇದ್ವಲ್ಲ."

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಗಾರ್ಡ್ ಬಟ್ಟಲನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ಇಲ್ಲಿ ಒಬ್ಬನೇ ಕೂತು ಉಣ್ಣೋದು ನಂಗೆ ಇನ್ನೂ ಅಭ್ಯಾಸ ಆಗಿಲ್ಲ ಕಣೇ. ನೀನು ಮನೇಲಿದೀಯ ಅಂತ ಸಂತೋಷ ಆಗುತ್ತೆ. ಆದ್ರೂ ಮೆಟ್ಟಿಲು ಇಳಿಯೋವಾಗ ದಿನಾ ಒಂದು ಸಲ ನಿನ್ನ ಅಂಗಡಿ ಕಡೆ ನೋಡ್ತೀನಿ. ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರೆ."

ಸೂಜಿಯಕ್ಕ ತನ್ನೊಬ್ಬಳ ಹುಚ್ಚು ಎಂದು ಒಂದೂವರೆ ವರ್ಷ ಮುಚ್ಚಿಟ್ಟುಕೊಂಡಿದ್ದು ಇವರೊಳಗೂ ಇತ್ತು. "ನಾನೂ ಮಧ್ಯಾಹ್ನ ಗಡಿಯಾರ ನೋಡ್ತೀನಿ ಕಣ್ರೀ" ಎಂದಷ್ಟೇ ಹೇಳಿದಳು. ಆಮೇಲೆ ಸೂಪು ಉಕ್ಕಿತು. ಇಬ್ಬರೂ ಎದ್ದು ಓಡಿದರು.

ಅಷ್ಟರಿಂದ ಎಲ್ಲ ಸರಿಹೋಯಿತು ಎಂದಲ್ಲ. ಮೈದುನ ಇಂದಿಗೂ ಆ ಮೆಟ್ಟಿಲಿಳಿದಿಲ್ಲ, ಊಟದ ಹೊತ್ತಿಗೆ ಇಂದಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಆದರೆ ಹದಿನೈದು ದಿನಕ್ಕೊಮ್ಮೆ ಗುರುವಾರ ಬೆಳಗ್ಗೆ ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಗಾಡಿ ಸರಿಯಾದ ಹೊತ್ತಿಗೆ ಬಂದರೆ ದೊಡ್ಡಮ್ಮ ಮೇಲೆ ಹತ್ತಿ ಬಂದು ಅವನ ಜೊತೆ ಬಿಸಿಲಲ್ಲಿ ಕೂರುತ್ತಾಳೆ, ಗಂಡ ಹೆಂಡತಿಗೆ ಕೆಳಗೆ ಎಂಟೋ ಒಂಬತ್ತೋ ನಿಮಿಷ ಸಿಗುತ್ತದೆ. ದೊಡ್ಡಮ್ಮನ ಮಂಡಿ ನೋಯುವ ದಿನ ಅದೂ ಇಲ್ಲ. ಆಗ ನಾಲ್ಕು ಜನಕ್ಕಾಗುವಷ್ಟು ಮಾತನ್ನು ನುಂಗಿಕೊಂಡು ಮೂವರೂ ಮೆಟ್ಟಿಲ ತಲೆಯಲ್ಲಿ ಸುಮ್ಮನೆ ಉಣ್ಣುತ್ತಾರೆ.

ಒಂದೂವರೆಗೆ ಗಾಡಿ ಹೊರಡುತ್ತದೆ. ಮರಳುವ ದಾರಿಯಲ್ಲಿ ಒಂದು ದೊಡ್ಡ ತಿರುವಿದೆ. ಗಾಡಿ ಅಲ್ಲಿ ಬಾಗಿದಾಗ ಪಕ್ಕದ ಡಬ್ಬಿಯ ಕಿಟಕಿಯಿಂದ ಹಸಿರು ಬಾವುಟ ಹಿಡಿದ ಕೈಯೊಂದು ಹೊರಗೆ ಕಾಣುತ್ತದೆ. ಮುಖ ಕಾಣುವುದಿಲ್ಲ.

"ಹೊಸಬರೇ, ಅಣ್ಣ" ಎನ್ನುತ್ತಾನೆ ಮೈದುನ.

"ಹೂಂ ಕಣಪ್ಪ" ಎಂದು ಸೂಜಿಯಕ್ಕ ಕಿಟಕಿಗೆ ಕೆನ್ನೆ ಒತ್ತಿ, ಗಾಡಿ ನೆಟ್ಟಗಾಗುವವರೆಗೂ ಆ ಕೈಯನ್ನೇ ನೋಡುತ್ತಾಳೆ.